ಒರಸದ ಸ್ಲೇಟು ಮತ್ತು ಗಣಕಯಂತ್ರದ ಲೆಕ್ಕ

ಗಣಕಯಂತ್ರವು ಲೆಕ್ಕದಲ್ಲಿ ತಪ್ಪುವುದಿಲ್ಲವೆಂಬ ನಂಬಿಕೆ ಎಲ್ಲರಲ್ಲಿಯೂ ಬೇರೂರಿದೆ. ಆದರೆ ಒಂದೇ ಪ್ರೋಗ್ರಾಮು ಒಂದೆಡೆ ಸರಿಯಾದ ಉತ್ತರವನ್ನೂ ಮತ್ತೊಂದೆಡೆ ತಪ್ಪು ಉತ್ತರವನ್ನೂ ಕೊಡುವುದುಂಟು. ಇದರ ಕಾರಣವನ್ನೂ ಪರಿಹಾರವನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಬೆಲ್ ಲ್ಯಾಬೊರೇಟರೀಸಿನ ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ಸಿ ಎಂಬ ಭಾಷೆಯನ್ನು ರೂಪಿಸಿದರು. ಅದರಲ್ಲಿ ಬರೆದುದನ್ನು ಯಂತ್ರವು ನೇರವಾಗಿ ಅರಿಯಲಾರದು. ಯಂತ್ರಭಾಷೆಗೆ ತಿರುಗಿಸಿಕೊಡುವ ಸಾಧನವೇ ಕಂಪೈಲರ್. ಜಿಸಿಸಿ, ಕ್ಲ್ಯಾಂಗ್, ವಿಷುವಲ್ ಸಿ ಮೊದಲಾದ ಹಲವು ಕಂಪೈಲರುಗಳಿವೆ.

ಒಬ್ಬ ವಿದ್ಯಾರ್ಥಿಯ ಅಂಕಗಳು 35, 42, 28 ಎಂದಿರಲಿ. ಯಂತ್ರದ ಸ್ಮೃತಿಯಲ್ಲಿ 'ಮೊತ್ತ' ಎಂಬ ಮನೆಯೊಂದನ್ನು ಕಾದಿರಿಸಿ ಇವನ್ನು ಕೂಡಿಸಿದರೆ 105 ಬರಬೇಕು. ಆದರೆ 'ಮೊತ್ತವು 0ಯಿಂದ ತೊಡಗಲಿ' ಎಂದು ಬರೆಯಲು ಮರೆತರೆ? ಹಿಂದಿನ ಕೆಲಸದ 17 ಅಲ್ಲಿ ಉಳಿದಿದ್ದರೆ ಉತ್ತರ 122 ಆಗುತ್ತದೆ. ಒರಸದ ಸ್ಲೇಟಿನ ಮೇಲೆ ಹೊಸ ಲೆಕ್ಕ ಮಾಡಿದಂತೆಯೇ ಇದು.

ಆ ಮನೆ ಎಲ್ಲಿರಬೇಕೆಂಬುದನ್ನು ಆಯಾ ಕಂಪೈಲರ್ ತನ್ನ ಕ್ರಮದಂತೆ ನಿರ್ಧರಿಸುತ್ತದೆ. ಒಂದು ಆರಿಸಿದ ಸ್ಥಳದಲ್ಲಿ ಅದೃಷ್ಟವಶಾತ್ 0 ಇದ್ದೀತು. ಇನ್ನೊಂದು ಆರಿಸಿದಲ್ಲಿ ಹಳೆಯ ಕಸವಿದ್ದೀತು. ವಿಷುವಲ್ ಸಿ ಪರೀಕ್ಷಾಕ್ರಮದಲ್ಲಿ ಇಂಥ ಮನೆಗಳಲ್ಲಿ ಒಂದು ಗುರುತನ್ನು ಬೇಕೆಂದೇ ತುಂಬುತ್ತದೆ; ಅದನ್ನು ಸಂಖ್ಯೆಯಾಗಿ ಓದಿದರೆ -858993460. ತಪ್ಪು ಕೂಡಲೆ ಕಣ್ಣಿಗೆ ಬೀಳಲು ಇದು ನೆರವಾಗುತ್ತದೆ.

ಇಲ್ಲಿ ಕಂಪೈಲರನ್ನು ದೂರುವುದು ನ್ಯಾಯವಲ್ಲ. ಸಿ ಭಾಷೆಯ 1989ರ ಪ್ರಮಾಣನಿಯಮದಂತೆ, ಫಂಕ್ಷನ್ನಿನೊಳಗಿನ ಸಾಮಾನ್ಯ ಚರಕ್ಕೆ ಆರಂಭಬೆಲೆ ಕೊಡದಿದ್ದರೆ ಅದರ ಬೆಲೆ ಅನಿಶ್ಚಿತ. ಕೊಡಬೇಕಾದ ಹೊಣೆ ಬರೆಯುವವನದೇ. 1995ರಲ್ಲಿ ಹೊರಬಂದ ಜಾವಾ ಭಾಷೆಯ ಕಂಪೈಲರಾದರೋ, ಬೆಲೆ ಕೊಡದ ಇಂಥ ಚರವನ್ನು ಬಳಸಿದರೆ ಪ್ರೋಗ್ರಾಮನ್ನೇ ತಿರಸ್ಕರಿಸುತ್ತದೆ.

ಪರಿಹಾರಕ್ರಮ ಹೀಗಿದೆ:

1. ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ಚಾಲೂ ಮಾಡಿ, ಒಂದನ್ನೂ ಬಿಡದೆ ಓದತಕ್ಕದ್ದು.

2. ಎರಡು ಬೇರೆ ಕಂಪೈಲರುಗಳಿಂದ ತಿರುಗಿಸಿ ಉತ್ತರಗಳನ್ನು ಹೋಲಿಸತಕ್ಕದ್ದು.

3. ವ್ಯಾಲ್‌ಗ್ರಿಂಡ್‌ನಂಥ ಸಾಧನದಿಂದ, ಬೆಲೆಯಿಲ್ಲದ ಮನೆಯನ್ನು ಓದಿದ ಸ್ಥಳವನ್ನು ಹುಡುಕತಕ್ಕದ್ದು.

4. ಚರವನ್ನು ಹೆಸರಿಸಿದಲ್ಲಿಯೇ ತಕ್ಕ ಆರಂಭಬೆಲೆ ಕೊಡತಕ್ಕದ್ದು.

'ತಕ್ಕ' ಎಂಬ ಮಾತನ್ನು ಗಮನಿಸಿರಿ. ಎಲ್ಲಕ್ಕೂ ಕಣ್ಣುಮುಚ್ಚಿ 0 ಬರೆದರೆ ಎಚ್ಚರಿಕೆ ಅಡಗುತ್ತದೆ, ದೋಷ ಅಡಗುವುದಿಲ್ಲ. ಗುಣಾಕಾರಕ್ಕೆ 1ರಿಂದ ತೊಡಗಬೇಕು. 0ಯಿಂದ ತೊಡಗಿದರೆ ಗುಣಲಬ್ಧ ಎಂದೆಂದಿಗೂ 0. ತರಗತಿಯ ಕನಿಷ್ಠ ಅಂಕವನ್ನು ಹುಡುಕುವಾಗ ಮೊದಲನೆಯ ವಿದ್ಯಾರ್ಥಿಯ ಅಂಕದಿಂದ ತೊಡಗಬೇಕು. ಇಲ್ಲವಾದರೆ ಯಾರೂ ಪಡೆಯದ 0ಯೇ ಕನಿಷ್ಠವೆನಿಸೀತು.

ಇದು ಯಂತ್ರದವರಿಗೆ ಮಾತ್ರ ಸಂಬಂಧಿಸಿದ ಸೂಕ್ಷ್ಮವಲ್ಲ. ಅಂಕಪಟ್ಟಿ, ಪಡಿತರದ ಲೆಕ್ಕ, ಬ್ಯಾಂಕಿನ ಬಡ್ಡಿ ಇವೆಲ್ಲ ಇಂದು ಯಂತ್ರದಿಂದಲೇ ಬರುತ್ತವೆ. 122 ಎಂಬ ತಪ್ಪು ಮೊತ್ತವು -858993460ಕ್ಕಿಂತ ಅಪಾಯಕರ; ನೋಡುವವನಿಗೆ ಅದು ಸರಿಯೆಂದೇ ತೋರುತ್ತದೆ. ಆದುದರಿಂದ ಮಕ್ಕಳ ಅಂಕಪಟ್ಟಿಯನ್ನು ಹೆತ್ತವರು ಒಮ್ಮೆ ಕೈಯಿಂದ ಕೂಡಿ ನೋಡುವುದು ಮೇಲು. ವಿದ್ಯಾರ್ಥಿಗಳಾದರೋ, ಒಮ್ಮೆ ಸರಿಯುತ್ತರ ಬಂದ ಮಾತ್ರಕ್ಕೆ ಲೆಕ್ಕದ ಕ್ರಮವೂ ಸರಿಯೆಂದು ತಿಳಿಯಬಾರದು.

ಅಭ್ಯಾಸ: ಹತ್ತು ಊರುಗಳ ಉಷ್ಣಮಾನಗಳಲ್ಲಿ ಗರಿಷ್ಠವನ್ನು ಹುಡುಕಬೇಕಾಗಿದೆ. ಎಲ್ಲವೂ ಸೊನ್ನೆಗಿಂತ ಕೆಳಗಿದ್ದರೆ, 0ಯಿಂದ ತೊಡಗಿದ ಪ್ರೋಗ್ರಾಮು ಯಾವ ಉತ್ತರ ಕೊಟ್ಟೀತು? ಅದನ್ನು ತಿದ್ದುವುದು ಹೇಗೆ?