ಬಿಟ್ಟಿ ಎಂದ ಮಾತು

2023ರ ಸೆಪ್ಟೆಂಬರಿನ ಒಂದು ರಾತ್ರಿ ನಮ್ಮೂರ ಶಾಲೆಯ ಹಳೆಯ ಸಹಪಾಠಿಗಳ ವಾಟ್ಸ್‌ಆಪ್ ಗುಂಪಿಗೆ ನಾನೊಂದು ಸಂದೇಶ ಕಳಿಸಿದೆ. ಬರೆದವನು ನಾನಲ್ಲ. ಎಲ್ಲಿಂದಲೋ ಬಂದದ್ದನ್ನು ಮುಂದಕ್ಕೆ ದಾಟಿಸಿದೆ, ಅಷ್ಟೆ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿ ಮೂರು ತಿಂಗಳಾಗಿತ್ತು, ಗೃಹಲಕ್ಷ್ಮಿಯ 2000 ರೂಪಾಯಿ ಆಗಷ್ಟೇ ಖಾತೆಗಳಿಗೆ ಬೀಳತೊಡಗಿತ್ತು. ಬಿಟ್ಟಿ ತಿಂದು ಮೈಗಳ್ಳರಾದವರಿಂದ ರಾಜ್ಯ ಉದ್ಧಾರವಾಗುವುದಿಲ್ಲ ಎಂಬುದು ಆ ಸಂದೇಶದ ಸಾರ.

ಹತ್ತು ನಿಮಿಷಕ್ಕೆ ಗೆಳೆಯನ ಉತ್ತರ ಬಂತು. ‘ಬಿಟ್ಟಿ ಅಂದ್ರೆ ಏನು ಅಂತ ನಮ್ಮಜ್ಜನ್ನ ಕೇಳ್ಬೇಕಿತ್ತು ನೀನು. ನಿಮ್ಮನೆ ಅಂಗಳದಲ್ಲೇ ಸವೆದವ ಅವ.’ ಅಷ್ಟು ಬರೆದು ಗುಂಪು ಬಿಟ್ಟುಹೋದ.

ಅವನು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಸರ್ಕಾರದ ಸಾಲ, ಬೊಕ್ಕಸ, ದುಡಿಮೆಯ ಘನತೆ ಎಂದೆಲ್ಲ ಉದ್ದುದ್ದ ಬರೆದೆ. ನಾಲ್ಕಾರು ಜನ ಹೆಬ್ಬೆರಳು ಎತ್ತಿ ಭೇಷ್ ಎಂದರು. ಯಾರಿಗಾಗಿ ಬರೆಯುತ್ತಿದ್ದೆನೋ ಅವನು ಅಲ್ಲಿರಲಿಲ್ಲ. ಅಂದಿನಿಂದ ಒಂದು ವರ್ಷ ನಾಲ್ಕು ತಿಂಗಳು ನಮ್ಮಿಬ್ಬರಿಗೆ ಮಾತಿಲ್ಲ. ನಡುವೆ ಲೋಕಸಭೆಗೆ ಚುನಾವಣೆ ಬಂತು. 2024ರ ಮೇ 7ರಂದು ನಮ್ಮೂರ ಅದೇ ಶಾಲೆಯ ಮತಗಟ್ಟೆಯ ಸಾಲಿನಲ್ಲಿ ಅವನು ನನಗಿಂತ ಆರೇಳು ಜನ ಮುಂದಿದ್ದ. ಶಾಯಿ ಹಚ್ಚಿದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲೇ ಹಾದುಹೋದ. ಒಂದನೇ ಕ್ಲಾಸಿನಲ್ಲಿ ಒಂದೇ ಮಣೆಯ ಮೇಲೆ ಕೂತವರು ನಾವು.

ನನಗೀಗ 52. ಶಿವಮೊಗ್ಗದಲ್ಲಿ ನೌಕರಿ, ಶನಿವಾರ ಬಂದರೆ ಸಾಗರ ಸೀಮೆಯ ಊರಿಗೆ. ಈ ವಯಸ್ಸಿನಲ್ಲಿ ಅಭಿಪ್ರಾಯಗಳು ಯಾಕೆ ಇಷ್ಟು ಗಡುಸಾಗುತ್ತವೆ ಎಂದು ಆ ಹದಿನಾರು ತಿಂಗಳು ಬಹಳ ಯೋಚಿಸಿದ್ದೇನೆ. ನನಗೆ ತೋರುವುದು ಇಷ್ಟು: ಬಾಕಿ ಎಲ್ಲ ಕೈತಪ್ಪುತ್ತ ಹೋಗುತ್ತದೆ. ಬೆಂಗಳೂರಿನಲ್ಲಿರುವ ಮಗ ತನ್ನ ದಾರಿ ತಾನು ಹಿಡಿದಿದ್ದಾನೆ. ರಕ್ತದ ಸಕ್ಕರೆ ಮಾತ್ರೆಗೆ ಬಗ್ಗುತ್ತಿಲ್ಲ. ಅಮ್ಮನಿಗೆ ವಯಸ್ಸಾಯಿತು, ಅಪ್ಪಯ್ಯ ಇಲ್ಲವಾಗಿ ಐದು ವರ್ಷ. ನಾನು ಹೇಳಿದಂತೆ ಕೇಳುವುದು ಎಂದು ಉಳಿದಿರುವುದು ನನ್ನ ಅಭಿಪ್ರಾಯ ಒಂದೇ. ಹಾಗಾಗಿ ಅದನ್ನು ಯಾರಾದರೂ ಮುಟ್ಟಿದರೆ ಇದ್ದ ಮನೆಗೇ ಕೈ ಹಾಕಿದಷ್ಟು ಸಿಟ್ಟು ಬರುತ್ತದೆ. ಇಪ್ಪತ್ತೈದರಲ್ಲಿ ನಾನು ಹೀಗಿರಲಿಲ್ಲ. ಆಗ ವಾದದಲ್ಲಿ ಸೋತರೆ ರಾತ್ರಿ ನಿದ್ದೆ ಬರುತ್ತಿತ್ತು.

ಮೊದಲು ಹೀಗೆಲ್ಲ ಒಡಕಿರಲಿಲ್ಲ ಎಂದು ನನ್ನ ವಯಸ್ಸಿನವರು ಸೇರಿದಲ್ಲೆಲ್ಲ ಹೇಳಿಕೊಳ್ಳುತ್ತೇವೆ. ನಾನೂ ಹೇಳುತ್ತಿದ್ದೆ, ಅದಕ್ಕೆ ಸಾಕ್ಷಿಯಾಗಿ ಅಡಿಕೆ ಸುಲಿಯುವ ರಾತ್ರಿಗಳನ್ನು ನೆನೆಯುತ್ತಿದ್ದೆ. ಕೊನೆಕೊಯ್ಲಾದ ಮೇಲೆ ಊರಿನ ಇಪ್ಪತ್ತು ಮೂವತ್ತು ಜನ ನಮ್ಮನೆಗೆ ಬಂದು, ಮೆಟ್ಟುಗತ್ತಿ ಇಟ್ಟುಕೊಂಡು ಸುತ್ತ ಕೂತು, ಚೊಗರಿನಿಂದ ಕಪ್ಪಾದ ಕೈ ಆಡಿಸುತ್ತ ನಡುರಾತ್ರಿಯವರೆಗೆ ಮಾತಾಡುತ್ತಿದ್ದರು. ಪಕ್ಕದ ಸೊರಬದ ಬಂಗಾರಪ್ಪನವರು ಮುಖ್ಯಮಂತ್ರಿಯಾದ 1990ರ ಸುಗ್ಗಿಯಲ್ಲಂತೂ ಮಾತಿನ ಕಾವು ಹೇಳತೀರದು. ಅವರ ಪರ ಇದ್ದವರು, ವಿರೋಧ ಇದ್ದವರು ಒಂದೇ ರಾಶಿಯ ಅಡಿಕೆ ಸುಲಿದರು, ಒಂದೇ ಹರಿವಾಣದ ಎಲೆ ಹಾಕಿ ಕವಳ ಜಗಿದರು, ಮಾರನೆಯ ರಾತ್ರಿ ಮತ್ತೆ ಬಂದರು.

ಈ ನೆನಪು ಸುಳ್ಳಲ್ಲ. ಆದರೆ ಅದು ಅರ್ಧ. ಗೆಳೆಯನ ಒಂದು ಸಾಲು ಓದಿದ ಮೇಲೆ ಉಳಿದರ್ಧ ಬೇಡ ಬೇಡವೆಂದರೂ ಬಂತು. ನಮ್ಮವರು ಜಗಲಿಯ ಮೇಲೆ ಸುಲಿಯುತ್ತಿದ್ದರು, ಅವನ ಅಪ್ಪ ಕೆಳಗೆ ಅಂಗಳದ ಚಪ್ಪರದಲ್ಲಿ. ಶಾಲೆಯಿಂದ ಅವನು ನಮ್ಮನೆಗೆ ಬಂದ ದಿನ ಅಜ್ಜಿ ಹೊರಗೇ ಬಾಳೆ ಹಾಕಿ, ಕೈಯೆತ್ತಿ ಬಡಿಸುತ್ತಿದ್ದರು. ಉಂಡ ಬಾಳೆ ಎತ್ತಿ, ಕೂತ ಜಾಗಕ್ಕೆ ಸೆಗಣಿ ಬಳಿದು ಹೋಗಬೇಕಾದವನು ಎಂಟು ವರ್ಷದ ಅವನೇ. ಒಳಗೆ ಕೂತು ಉಣ್ಣುತ್ತಿದ್ದ ನನಗೆ ಅದು ಮಳೆ ಬಿಸಿಲಿನಷ್ಟೇ ಸಹಜವಾಗಿತ್ತು.

ನಮ್ಮ ತಾಲ್ಲೂಕಿನ ಮಣ್ಣಿಗೆ ಒಡಕು ಹೊಸದೂ ಅಲ್ಲ. ನಮ್ಮ ಕಡೆಯ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹಕ್ಕೆ ನಿಂತರು. ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು, ಮರುವರ್ಷ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು. ಕಡೆಗೆ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯನೆಂಬ ಕಾನೂನು ಜಾರಿಗೆ ಬಂತು. ಗೆಳೆಯನ ಅಜ್ಜ ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಎರಡೂವರೆ ಎಕರೆ ಗದ್ದೆ ಅವರದಾಯಿತು. ನನ್ನ ಅಜ್ಜ ಸಾಯುವ ತನಕ ಅವರ ಹತ್ತಿರ ಮಾತಾಡಲಿಲ್ಲ. ನಮ್ಮನೆಯಲ್ಲಿ ಆ ಕತೆಯನ್ನು ಹೇಳುವುದು ‘ಗದ್ದೆ ಹೋಯಿತು’ ಎಂದು, ಅವರ ಮನೆಯಲ್ಲಿ ‘ಗದ್ದೆ ಬಂತು’ ಎಂದು. ಅದೇ ಗದ್ದೆ, ಅದೇ ವರ್ಷ.

ಮೊದಲು ಒಡಕಿರಲಿಲ್ಲ ಎಂದರೆ, ಮೊದಲು ಅವರು ಮಾತಾಡುತ್ತಿರಲಿಲ್ಲ ಎಂದೇ ಅರ್ಥ. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತು ವರ್ಷ ದಾಟಬೇಕಾಯಿತು.

ಬಿಟ್ಟಿ ಎಂಬ ಆ ಪದ ನನ್ನನ್ನು ಬಿಡಲಿಲ್ಲ. ಒಂದು ದಿನ ನಿಘಂಟು ತೆಗೆದೆ. ಸಂಸ್ಕೃತದ ವಿಷ್ಟಿ ನಮ್ಮ ನಾಲಿಗೆಯಲ್ಲಿ ಬಿಟ್ಟಿಯಾಗಿದೆ. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಎನ್ನುವಾಗ ಇವತ್ತಿಗೂ ಆ ಅರ್ಥವೇ ಇದೆ. ದುಡಿದೂ ಪಡೆಯದವನ ಪಾಡನ್ನು ಹೇಳುತ್ತಿದ್ದ ಮಾತನ್ನು ನಾವು ಯಾವಾಗಲೋ ತಿರುಗಿಸಿ, ದುಡಿಯದೆ ಪಡೆಯುವವನ ಮೇಲೆ ಹೊರಿಸಿಬಿಟ್ಟೆವು. ನಾನು ಬೆರಳ ತುದಿಯಲ್ಲಿ ದಾಟಿಸಿದ್ದು ಆ ಮಾತನ್ನು. ಅವನಜ್ಜ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಸೊಪ್ಪು ಹೊತ್ತ ಎಷ್ಟೋ ದಿನಗಳಿಗೆ ಲೆಕ್ಕವಿರಲಿಲ್ಲ ಎಂದು ಅಮ್ಮನೇ ಹೇಳಿದ್ದುಂಟು.

ಅಮ್ಮನ ಇನ್ನೊಂದು ಮಾತನ್ನೂ ಹೇಳಬೇಕು. 78 ವರ್ಷದ ಅವಳು ಆ ವರ್ಷ ದೀಪಾವಳಿ ಕಳೆದು ಒಬ್ಬಳೇ ಸರ್ಕಾರಿ ಬಸ್ಸು ಹತ್ತಿ ಸಿದ್ದಾಪುರದ ತಂಗಿಯ ಮನೆಗೆ ಹೋಗಿಬಂದಳು. ಆಧಾರ್ ಕಾರ್ಡು ತೋರಿಸಿದಳಂತೆ, ಶೂನ್ಯ ದರದ ಚೀಟಿ ಕೊಟ್ಟರಂತೆ. ಆ ಚೀಟಿಯನ್ನು ಪಂಚಾಂಗದ ಹಾಳೆಯ ನಡುವೆ ಇಟ್ಟಿದ್ದಳು. ‘ನಮಗೇನು ದುಡ್ಡಿಲ್ಲವಾ ಅಮ್ಮಾ?’ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ‘ನಿಮ್ಮ ಹತ್ರ ಇತ್ತು’ ಎಂದಳು. ‘ಬಸ್ ಚಾರ್ಜಿಗೆ ನಿನ್ನ ಅಪ್ಪಯ್ಯನ್ನ ಕೇಳಬೇಕಾಗಿತ್ತು. ಕೇಳೋದಕ್ಕಿಂತ ಹೋಗದೇ ಇರೋದೇ ಸುಲಭ ಅಂತ ಎಷ್ಟು ಸಲ ಸುಮ್ಮನಾಗಿದೀನಿ.’ ಐವತ್ತೈದು ವರ್ಷ ಆ ಮನೆಯ ಕೊಟ್ಟಿಗೆ, ಒಲೆ, ಬಾಣಂತನ, ಸುಲಿಯುವವರ ಚಹಾ ಎಲ್ಲ ಅವಳದೇ. ಕೂಲಿ ಕೊಟ್ಟವರು ಯಾರು?

ಹಾಗೆಂದು ನಾನು ಪಕ್ಷ ಬದಲಿಸಿದೆ ಎಂದು ತಿಳಿಯಬೇಡಿ. ಬೊಕ್ಕಸದ ಬಗ್ಗೆ ನನ್ನ ಆತಂಕ ಇವತ್ತಿಗೂ ಇದೆ. ಆದರೆ ಗೆಳೆಯನ ಮುಂದೆ ಕೂತು ಹೇಳಲಾಗದ ಮಾತನ್ನು ಗುಂಪಿನಲ್ಲಿ ಹೇಳಬಾರದಿತ್ತು ಎಂಬುದು ನಿಚ್ಚಳವಾಯಿತು. 2025ರ ಜನವರಿಯ ಒಂದು ಭಾನುವಾರ ಅವನ ಮನೆಗೆ ಹೋದೆ. ಆ ಎರಡೂವರೆ ಎಕರೆ ಗದ್ದೆ ಈಗ ಅಡಿಕೆ ತೋಟ. ಅಂಗಳದಲ್ಲಿ ಸುಲಿಯುವ ಯಂತ್ರ ಅರಚುತ್ತಿತ್ತು. ಮೂವತ್ತು ಜನರ ಕೆಲಸವನ್ನು ಅದು ಮುಗಿಸುತ್ತದೆ, ಮೂವತ್ತು ಜನರ ಮಾತನ್ನೂ. ಅವನು ನನ್ನನ್ನು ನೋಡಿಯೂ ಗೋಣಿಚೀಲ ಖಾಲಿಯಾಗುವ ತನಕ ಯಂತ್ರ ನಿಲ್ಲಿಸಲಿಲ್ಲ. ನಾನು ನಿಂತೇ ಇದ್ದೆ.

‘ಎಂತ ಬಂದಿದ್ದು?’

‘ಅದನ್ನ ಕಳಿಸಬಾರದಿತ್ತು ಮಾರಾಯ.’

‘ಕಳಿಸಿದ್ದಕ್ಕಲ್ಲ ನಂಗೆ ಬೇಜಾರು. ನಾನೂ ಅದೇ ಗುಂಪಲ್ಲಿದೀನಿ ಅಂತ ಕಳಿಸುವಾಗ ನಿಂಗೆ ನೆನಪೇ ಆಗ್ಲಿಲ್ಲ ನೋಡು, ಅದಕ್ಕೆ.’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಮಾತು ಸಾಗಿತು, ಬಿಸಿಯೂ ಆಯಿತು. ‘ನಿಮ್ಮ ತೋಟದ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಎಷ್ಟು ಕಟ್ತೀಯ?’ ಎಂದ. ಹತ್ತು ಎಚ್.ಪಿ.ವರೆಗೆ ಬಿಲ್ಲೇ ಇಲ್ಲ. ‘ನಾನೂ ಕಟ್ಟಲ್ಲ. ಇಷ್ಟು ವರ್ಷ ಅದನ್ನ ಯಾರೂ ಬಿಟ್ಟಿ ಅಂದಿಲ್ಲ.’ ಪುಕ್ಕಟೆ ಪ್ರಯಾಣವೇನೋ ಸರಿ, ಬಸ್ಸುಗಳನ್ನೇ ಹೆಚ್ಚಿಸದಿದ್ದರೆ ಶಾಲೆಯ ಮಕ್ಕಳು ಎಲ್ಲಿ ಕಾಲಿಡಬೇಕು ಎಂದೆ. ಅದು ಹೌದು ಎಂದ. ಮಿಕ್ಕದ್ದಕ್ಕೆ ಒಪ್ಪಲಿಲ್ಲ. ಎಲೆಚುಕ್ಕಿ ರೋಗದ ಮಾತು ಬಂದಾಗ ಮಾತ್ರ ಇಬ್ಬರೂ ಒಂದೇ ಕಡೆಯಲ್ಲಿದ್ದೆವು. ಅವನ ಮರಗಳ ಹೆಡಲಿನ ಮೇಲೂ ನನ್ನವುಗಳ ಮೇಲಿರುವ ಚುಕ್ಕೆಗಳೇ.

ಅಷ್ಟರಲ್ಲಿ ಅವನ ಅವ್ವ ಹೊರಗೆ ಬಂದರು. ಎಂಬತ್ತು ದಾಟಿದ ಜೀವ. ನನ್ನ ಗುರುತು ಹತ್ತಿ, ‘ಒಡೆಯ, ಯಾವಾಗ ಬಂದ್ರಿ?’ ಎಂದರು. ಗೆಳೆಯನ ಮುಖ ಬಿಗಿಯಿತು. ‘ಅವ್ವ, ಅವನು ನನ್ ಜೊತೆ ಓದಿದವನು’ ಎಂದ, ನೂರು ಸಲ ಹೇಳಿದ ಮಾತಿನ ಹಾಗೆ. ಜಗಲಿಯ ಮೇಲೆ ಎರಡು ಕುರ್ಚಿಗಳಿದ್ದವು. ‘ಕೂತ್ಕೊಳ್ಳಿ ಅವ್ವಾ’ ಎಂದೆ. ತಲೆ ಅಲ್ಲಾಡಿಸಿದರು. ನಾನು ಕುರ್ಚಿ ಬಿಟ್ಟು ಕೆಳಗೆ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಕೂತೆ. ಆಗಲೂ ಅವರು ಕೂರಲಿಲ್ಲ. ಕಂಬ ಹಿಡಿದು ನಿಂತೇ ಅಮ್ಮನ ಆರೋಗ್ಯ ಕೇಳಿದರು, ಮಗನ ಮದುವೆ ಯಾವಾಗ ಎಂದು ಕೇಳಿದರು.

ಆಮೇಲೆ ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗುತ್ತಿದ್ದೇನೆ. ನಾವಿಬ್ಬರೂ ಜಗಳವಾಡುತ್ತೇವೆ. ಅವ್ವ ಇನ್ನೂ ನಿಂತೇ ಇರುತ್ತಾರೆ.