ರೇಟ್ ಇಳಿಸಿ ಊರನ್ನೇ ಹಿಡಿಯೋಕೆ ಆಗುತ್ತಾ? ಬಾಡಿಗೆ ಟ್ರ್ಯಾಕ್ಟರ್ ಲೆಕ್ಕ

ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡು ಬಾಡಿಗೆಗೆ ಓಡಿಸೋ ಯುವಕರು ನನ್ನನ್ನು ಆಗಾಗ ಕೇಳ್ತಾರೆ: "ಸರ್, ಮೊದಲ ವರ್ಷ ರೇಟ್ ಇಳಿಸಿ ಗಿರಾಕಿಗಳನ್ನೆಲ್ಲ ಹಿಡಿದು, ಆಮೇಲೆ ಏರಿಸಿದ್ರೆ ಆಗಲ್ವಾ? ಜಿಯೋ ಮಾಡಿದ್ದೂ ಅದೇ ಅಲ್ವಾ?"

ಜಿಯೋ ಕಥೆ ನೋಡೋಣ. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೋ, 2017ರ ಮಾರ್ಚ್ ಕೊನೆಯವರೆಗೆ ಡೇಟಾ, ಕರೆ ಎರಡನ್ನೂ ಉಚಿತವಾಗಿ ಕೊಟ್ಟಿತು. ಉಳಿದ ಕಂಪನಿಗಳೂ ದರ ಇಳಿಸಬೇಕಾಯ್ತು. 2018ರಲ್ಲಿ ಏರ್‌ಸೆಲ್ ದಿವಾಳಿ ಅರ್ಜಿ ಹಾಕಿತು, ವೊಡಾಫೋನ್ ಮತ್ತು ಐಡಿಯಾ ಒಂದಾದವು. ಆಮೇಲೆ ದರ ಏರಿತು. ದಿನಕ್ಕೆ ಒಂದೂವರೆ ಜಿಬಿ ಸಿಗುವ 28 ದಿನದ ಜಿಯೋ ಪ್ಯಾಕ್ 2021ರ ಡಿಸೆಂಬರ್‌ನಲ್ಲಿ 199ರಿಂದ 239 ರೂಪಾಯಿಗೆ, 2024ರ ಜುಲೈನಲ್ಲಿ 299ಕ್ಕೆ ಹೋಯ್ತು.

ಅವರಿಗೆ ಇದು ಸಾಧ್ಯವಾಗಿದ್ದು ಮೂರು ಕಾರಣಕ್ಕೆ:

1. ನಷ್ಟ ತಡೆಯೋಕೆ ಹಿಂದೆ ರಿಲಯನ್ಸ್‌ನಂಥ ದೊಡ್ಡ ಕಂಪನಿಯ ದುಡ್ಡಿತ್ತು.
2. ಟವರ್ ನಿಂತ ಮೇಲೆ ಇನ್ನೊಬ್ಬ ಗ್ರಾಹಕ ಸೇರಿದರೆ ಹೆಚ್ಚುವರಿ ಖರ್ಚು ತೀರಾ ಕಡಿಮೆ.
3. ದರ ಏರಿಸಿದಾಗ ಹೊಸ ಕಂಪನಿ ಸುಲಭವಾಗಿ ಬರೋಕಾಗಲ್ಲ. ತರಂಗಾಂತರ, ಟವರ್‌ಗೆ ಸಾವಿರಾರು ಕೋಟಿ ಬೇಕು.

ನಮ್ಮ ಟ್ರ್ಯಾಕ್ಟರಿಗೆ ಈ ಮೂರೂ ಇಲ್ಲ. ಹತ್ತು ಎಕರೆ ಹೆಚ್ಚು ಹೊಡೆದರೆ ಹತ್ತು ಎಕರೆಯ ಡೀಸೆಲ್ ಹೆಚ್ಚು ಸುಡುತ್ತೆ. ನೀವು ದರ ಏರಿಸಿದ ಮರುದಿನವೇ ಪಕ್ಕದೂರಿನ ಟ್ರ್ಯಾಕ್ಟರ್ ಬಂದು ನಿಲ್ಲುತ್ತೆ.

ಒಂದು ಉದಾಹರಣೆ ಲೆಕ್ಕ. ರೋಟವೇಟರ್ ಕೆಲಸಕ್ಕೆ ಗಂಟೆಗೆ ಡೀಸೆಲ್ 550, ಡ್ರೈವರ್ 150, ಆಯಿಲ್, ಬ್ಲೇಡ್, ರಿಪೇರಿ 150, ಸಾಲದ ಬಡ್ಡಿ ಮತ್ತು ಯಂತ್ರದ ಸವಕಳಿ 350 ಅಂತಿಟ್ಟುಕೊಳ್ಳಿ. ಒಟ್ಟು 1,200 ರೂಪಾಯಿ. 900ಕ್ಕೆ ಓಡಿಸಿದರೆ ಡೀಸೆಲ್, ಡ್ರೈವರ್ ಖರ್ಚು ಕಳೆದು ಜೇಬಲ್ಲಿ 200 ಉಳಿಯುತ್ತೆ, ಲಾಭ ಅನ್ಸುತ್ತೆ. ನಿಜದಲ್ಲಿ ಗಂಟೆಗೆ 300 ನಷ್ಟ. ವರ್ಷಕ್ಕೆ 600 ಗಂಟೆ ಓಡಿದರೆ 1.8 ಲಕ್ಷ! ಇದು ಗೊತ್ತಾಗೋದು ಟೈರ್ ಬದಲಿಸುವಾಗ, ಇಲ್ಲಾ ಕಂತು ತಪ್ಪಿದಾಗ.

ಹಾಗಾದ್ರೆ ಏನು ಮಾಡಬೇಕು?

- ನಿಮ್ಮ ಗಂಟೆಯ ಖರ್ಚನ್ನು ಮೊಬೈಲ್‌ನಲ್ಲಿ ಬರೆದಿಡಿ. ಅದಕ್ಕಿಂತ ಕೆಳಗೆ ಇಳಿಯಬೇಡಿ.
- ಅಕ್ಕಪಕ್ಕದ ಹೊಲಗಳನ್ನು ಒಂದೇ ದಿನ ಹಿಡಿಯಿರಿ. ಖಾಲಿ ಓಡಾಟ ಉಳಿದಷ್ಟು ಮಾತ್ರ ರಿಯಾಯಿತಿ ಕೊಡಿ.
- ಹದ ಇದ್ದಾಗ ಹೇಳಿದ ಹೊತ್ತಿಗೆ ಹೋಗಿ. ರೈತ 50 ರೂಪಾಯಿಗಿಂತ ಹದಕ್ಕೆ ಹೆಚ್ಚು ಬೆಲೆ ಕೊಡ್ತಾನೆ.

ಬಾಡಿಗೆ ಕೊಡುವ ರೈತರಿಗೂ ಒಂದು ಮಾತು: ಯಾರಾದ್ರೂ ತೀರಾ ಕಮ್ಮಿಗೆ ಬಂದರೆ ಬಳಸಿಕೊಳ್ಳಿ, ತಪ್ಪಿಲ್ಲ. ಆದ್ರೆ ಊರಿನ ಹಳೇ ಟ್ರ್ಯಾಕ್ಟರಿನವರಿಗೂ ಸ್ವಲ್ಪ ಕೆಲಸ ಕೊಡ್ತಾ ಇರಿ. ಬಿತ್ತನೆ ಹೊತ್ತಿಗೆ ಊರಲ್ಲಿ ಒಬ್ಬನೇ ಉಳಿದರೆ, ಅವನು ಹೇಳಿದ್ದೇ ರೇಟು.