ಪರದೆಯ ಮೇಲಿನ ಪಟ್ಟಿ

ಶಾಲೆಯ ಹಾಜರಿ ಪುಸ್ತಕ, ಅಂಗಡಿಯ ಲೆಕ್ಕದ ಖಾತೆ, ಮದುವೆ ಮನೆಯ ಸಾಮಾನಿನ ಚೀಟಿ, ಇವೆಲ್ಲವೂ ಪಟ್ಟಿಗಳೇ. ಒಂದರ ಕೆಳಗೊಂದು ಸಾಲು, ಸಾಲಿಗೊಂದು ಹೆಸರು. ಇದಕ್ಕಿಂತ ಸರಳವಾದ ಬರವಣಿಗೆ ಇನ್ನೊಂದಿಲ್ಲವೆಂದೇ ಹೇಳಬೇಕು. ಆದರೂ ಬರಿಯ ಹೆಸರುಗಳ ಪಟ್ಟಿ ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಗ್ರಂಥಾಲಯವನ್ನು ನೋಡಿಕೊಳ್ಳುವವರಿಗೆ ಪುಸ್ತಕದ ಹೆಸರು ಕಂಡರೆ ಸಾಲದು. ಅದು ಕಪಾಟಿನಲ್ಲಿದೆಯೋ, ಎರವಲು ಹೋಗಿದೆಯೋ, ಹಿಂದಿರುಗಬೇಕಾದ ದಿನ ಕಳೆದುಹೋಗಿದೆಯೋ ಎಂಬುದೂ ಒಂದೇ ನೋಟಕ್ಕೆ ತಿಳಿಯಬೇಕು. ಕೈಬರಹದ ಪುಸ್ತಕದಲ್ಲಾದರೆ ಅವರು ಕೆಂಪು ಮಸಿಯಿಂದ ಪಕ್ಕದಲ್ಲೊಂದು ಗುರುತು ಹಾಕಿಕೊಳ್ಳುತ್ತಾರೆ. ಗಣಕಯಂತ್ರದ ಪರದೆಯ ಮೇಲೆ ಮೂಡುವ ಪಟ್ಟಿಯಲ್ಲಿ ಆ ಗುರುತನ್ನು ಹಾಕುವವರು ಯಾರು?

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಪರದೆಯ ಗುಂಡಿ, ಪೆಟ್ಟಿಗೆ, ಪಟ್ಟಿ ಮುಂತಾದ ಅಂಗಗಳನ್ನು ಪ್ರತಿಸಲವೂ ಹೊಸದಾಗಿ ಕಟ್ಟುವುದಿಲ್ಲ. ಅವು ಸಿದ್ಧವಾಗಿ ದೊರೆಯುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯು 1985ರಲ್ಲಿ ಮೊದಲು ಹೊರತಂದ ವಿಂಡೋಸ್ ವ್ಯವಸ್ಥೆಯಲ್ಲಿ ಇಂತಹ ಸಿದ್ಧ ಪಟ್ಟಿಗೆ ‘ಲಿಸ್ಟ್ ಬಾಕ್ಸ್’ ಎಂದು ಹೆಸರು. ಹೆಸರುಗಳನ್ನು ಅದಕ್ಕೆ ಒಪ್ಪಿಸಿದರೆ ಸಾಕು. ಅವುಗಳನ್ನು ಸಾಲಾಗಿ ಬರೆಯುವುದು, ಆರಿಸಿದ ಸಾಲಿನ ಬಣ್ಣವನ್ನು ಬದಲಿಸುವುದು, ಕೀಲಿಮಣೆಯ ಬಾಣದ ಗುಂಡಿಯನ್ನು ಒತ್ತಿದಾಗ ಮುಂದಿನ ಸಾಲಿಗೆ ಸರಿಯುವುದು, ಎಲ್ಲವನ್ನೂ ವಿಂಡೋಸೇ ಮಾಡಿಕೊಳ್ಳುತ್ತದೆ. ಆದರೆ ಅದು ಎಲ್ಲ ಸಾಲುಗಳನ್ನೂ ಒಂದೇ ಅಕ್ಷರಶೈಲಿಯಲ್ಲಿ, ಒಂದೇ ಬಣ್ಣದಲ್ಲಿ ಬರೆಯುತ್ತದೆ. ಅದರಲ್ಲಿ ಚಿತ್ರವಿಲ್ಲ, ಕೆಂಪು ಗುರುತಿಲ್ಲ.

ಈ ಕೊರತೆಯನ್ನು ನೀಗಲು ಒಂದು ಏರ್ಪಾಡುಂಟು. 1990ರಲ್ಲಿ ವಿಂಡೋಸ್ 3.0 ಬರುವ ಹೊತ್ತಿಗೆ ಅದು ಪ್ರೋಗ್ರಾಂ ಬರೆಯುವವರ ಕೈಗೆ ದೊರೆತಿತ್ತು. ಅದನ್ನು ‘ಓನರ್ ಡ್ರಾ’ ಎನ್ನುತ್ತಾರೆ. ಎಂದರೆ, ಒಡೆಯನೇ ಬರೆಯುವುದು. ಇಲ್ಲಿ ಒಡೆಯನೆಂದರೆ ಪಟ್ಟಿಯನ್ನು ತನ್ನೊಳಗೆ ಇರಿಸಿಕೊಂಡಿರುವ ಪ್ರೋಗ್ರಾಂ. ಹೆಸರುಗಳನ್ನು ಸರಿಸುವುದು, ಆರಿಸುವುದು ಮೊದಲಿನಂತೆಯೇ ಪಟ್ಟಿಯ ಕೆಲಸ. ಸಾಲು ಹೇಗೆ ಕಾಣಬೇಕೆಂಬುದು ಮಾತ್ರ ಒಡೆಯನಿಗೆ ಸೇರಿದ್ದು. ಸ್ವಾತಂತ್ರ್ಯವೇನೋ ದೊಡ್ಡದೇ. ಆದರೆ ಅಡುಗೆಯವರನ್ನು ಕಳುಹಿಸಿ ತಾನೇ ಒಲೆಯ ಮುಂದೆ ಕುಳಿತವನಿಗೆ ಉಪ್ಪು ಎಲ್ಲಿದೆ ಎಂಬುದರಿಂದ ಮೊದಲಾಗಿ ಎಲ್ಲವೂ ತನ್ನ ಹೊಣೆಯೆಂಬುದು ಆಗ ತಿಳಿಯುತ್ತದೆ. ವಿಂಡೋಸ್ ಅದುವರೆಗೆ ಸದ್ದಿಲ್ಲದೆ ಮಾಡುತ್ತಿದ್ದ ಹತ್ತಾರು ಸಣ್ಣ ಕೆಲಸಗಳು ಒಮ್ಮೆಗೇ ಪ್ರೋಗ್ರಾಂ ಬರೆಯುವವರ ಹೆಗಲೇರುತ್ತವೆ.

ಮೊದಲನೆಯದು ಅಳತೆ. ಒಂದು ಸಾಲು ಎಷ್ಟು ಎತ್ತರ ಬೇಕೆಂದು ವಿಂಡೋಸ್ ಒಡೆಯನನ್ನು ಕೇಳುತ್ತದೆ. ಎಲ್ಲ ಸಾಲುಗಳೂ ಒಂದೇ ಎತ್ತರದವಾದರೆ ಈ ಪ್ರಶ್ನೆ ಒಮ್ಮೆ ಮಾತ್ರ ಬರುತ್ತದೆ. ಬೇರೆ ಬೇರೆ ಎತ್ತರದವಾದರೆ ಪ್ರತಿಯೊಂದು ಸಾಲಿಗೂ ಬರುತ್ತದೆ. ಉತ್ತರವನ್ನು ಪರದೆಯ ಚುಕ್ಕಿಗಳ ಲೆಕ್ಕದಲ್ಲಿ ಹೇಳಬೇಕು. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಕಣ್ಣ ಮುಂದಿಟ್ಟುಕೊಂಡವರು ‘16 ಚುಕ್ಕಿ’ ಎಂದು ಅಂದಾಜಿನಿಂದ ಬರೆದುಬಿಟ್ಟರೆ, ಅವರ ಭಾಷೆಗೆ ಅದು ಸಾಕಾಗಬಹುದು. ಕನ್ನಡಕ್ಕೆ ಸಾಲದು. ಕನ್ನಡದ ಒತ್ತಕ್ಷರಗಳು ಮೂಲಾಕ್ಷರದ ಕೆಳಗೆ ಕೂಡುತ್ತವೆ. ಸಾಲಿನ ಎತ್ತರ ಕಿರಿದಾದಾಗ ಆ ಒತ್ತುಗಳು ಅಂಚಿನಲ್ಲಿ ಕತ್ತರಿಸಿಹೋಗುತ್ತವೆ, ಇಲ್ಲವೆ ಕೆಳಗಿನ ಸಾಲಿನ ಹಿನ್ನೆಲೆಯ ಬಣ್ಣ ಅವುಗಳನ್ನು ಮುಚ್ಚಿಬಿಡುತ್ತದೆ. ಆಗ ‘ಮಗ್ಗ’ ಎಂದು ಇರಬೇಕಾದಲ್ಲಿ ‘ಮಗ’ ಉಳಿಯುತ್ತಾನೆ, ‘ಕತ್ತೆ’ಯು ‘ಕತೆ’ಯಾಗುತ್ತದೆ. ಅಪ್ಪಣ್ಣನೆಂಬ ಹುಡುಗ ತನ್ನ ಹೆಸರನ್ನು ಹುಡುಕಿದರೆ ಅವನಿಗೆ ಕಾಣುವುದು ‘ಅಪಣ’. ನಗು ಬರುವಂಥದೇ ಆದರೂ, ನೇಕಾರರಿಗೆ ಮಗ್ಗ ಹಂಚುವ ಪಟ್ಟಿಯಲ್ಲಿ ಇಂತಹ ತಪ್ಪು ನುಸುಳಿದರೆ ಅದು ನಗುವ ಮಾತಲ್ಲ. ಪರಿಹಾರ ಕಷ್ಟವೇನಲ್ಲ. ಎತ್ತರವನ್ನು ಊಹಿಸದೆ, ಬಳಸುತ್ತಿರುವ ಅಕ್ಷರಶೈಲಿಯನ್ನೇ ಅದರ ಎತ್ತರ ಎಷ್ಟೆಂದು ಕೇಳಿ ತಿಳಿಯುವ ಅನುಕೂಲ ವಿಂಡೋಸಿನಲ್ಲಿಯೇ ಇದೆ.

ಎರಡನೆಯದು ಬರೆಯುವ ಕೆಲಸ. ಸಾಲೊಂದು ಕಣ್ಣಿಗೆ ಬೀಳಬೇಕಾದಾಗಲೆಲ್ಲ ವಿಂಡೋಸ್ ಒಡೆಯನಿಗೆ ಒಂದು ಸಂದೇಶವನ್ನು ಕಳುಹಿಸುತ್ತದೆ. ಎಷ್ಟನೆಯ ಸಾಲು, ಅದಕ್ಕೆ ಮೀಸಲಾದ ಚೌಕ ಯಾವುದು, ಸಾಲಿನ ಸ್ಥಿತಿ ಏನು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಸ್ಥಿತಿ ಎಂಬುದೇ ಮುಖ್ಯವಾದುದು. ಸಾಲನ್ನು ಆರಿಸಲಾಗಿದೆಯೆ? ಕೀಲಿಮಣೆಯ ಗಮನ ಅದರ ಮೇಲಿದೆಯೆ? ಪಟ್ಟಿಯೇ ಬಳಕೆಗೆ ಸಿಗದಂತೆ ಮುಚ್ಚಿದೆಯೆ? ಇವುಗಳಲ್ಲಿ ಒಂದನ್ನು ಮರೆತರೂ ಬಳಸುವವರು ದಾರಿ ತಪ್ಪುತ್ತಾರೆ. ಕೀಲಿಮಣೆಯ ಗಮನವನ್ನು ಸಾಲಿನ ಸುತ್ತ ಎಳೆದ ಚುಕ್ಕಿಗೆರೆಯಿಂದ ತೋರಿಸುವುದು ವಾಡಿಕೆ. ಈ ಗೆರೆಗೆ ಒಂದು ವಿಚಿತ್ರ ಗುಣವುಂಟು: ಅದೇ ಸ್ಥಳದಲ್ಲಿ ಎರಡನೆಯ ಸಲ ಎಳೆದರೆ ಅದು ಅಳಿಸಿಹೋಗುತ್ತದೆ. ಅಚ್ಚುಕಟ್ಟಾಗಿರಲೆಂದು ಎರಡು ಸಲ ಎಳೆದವರಿಗೆ ಗೆರೆಯೇ ಕಾಣಿಸದು.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಹೊರತಂದ ಜಾವಾ ಭಾಷೆಯ 1.2 ಆವೃತ್ತಿಯಲ್ಲಿ ಇದೇ ಕೆಲಸಕ್ಕೆ ಬೇರೊಂದು ಉಪಾಯವನ್ನು ಅಳವಡಿಸಿದ್ದರು. ಅಲ್ಲಿ ಒಂದೇ ಒಂದು ಬರಹದ ಚೌಕವನ್ನು ರಬ್ಬರ್ ಮುದ್ರೆಯಂತೆ ಬಳಸಲಾಗುತ್ತದೆ. ಅಂಚೆ ಕಚೇರಿಯಲ್ಲಿ ಒಂದೇ ಮೊಹರು ನೂರಾರು ಲಕೋಟೆಗಳ ಮೇಲೆ ಬೀಳುವುದಲ್ಲವೆ? ಹಾಗೆಯೇ ಆ ಚೌಕಕ್ಕೆ ಒಂದೊಂದು ಸಾಲಿನ ಹೆಸರನ್ನೂ ಬಣ್ಣವನ್ನೂ ತೊಡಿಸಿ ಪರದೆಗೆ ಒತ್ತುತ್ತ ಹೋಗುತ್ತಾರೆ. ಸಾವಿರ ಸಾಲಿಗೆ ಸಾವಿರ ಚೌಕಗಳನ್ನು ಕಟ್ಟುವ ಶ್ರಮ ಇದರಿಂದ ಉಳಿಯಿತು. ಆದರೆ ಮೊಹರಿಗೆ ನೆನಪಿಲ್ಲ. ಮಸಿ ಮಾತ್ರ ಅಂಟಿಕೊಂಡಿರುತ್ತದೆ. ಅವಧಿ ಮೀರಿದ ಪುಸ್ತಕವೊಂದಕ್ಕೆ ಕೆಂಪು ಬಣ್ಣ ಹಚ್ಚಿ, ಮುಂದಿನ ಪುಸ್ತಕಕ್ಕೆ ಕಪ್ಪನ್ನು ಮರಳಿ ಹಚ್ಚಲು ಮರೆತರೆ, ಅದರ ಅನಂತರ ಒತ್ತಿದ ಸಾಲುಗಳೂ ಕೆಂಪಾಗುತ್ತವೆ. ಸಕಾಲಕ್ಕೆ ಪುಸ್ತಕವನ್ನು ಹಿಂದಿರುಗಿಸಿದವರೂ ತಪ್ಪಿತಸ್ಥರಂತೆ ತೋರುತ್ತಾರೆ.

2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಷನ್ ಎಂಬ ಏರ್ಪಾಡಿನಲ್ಲಿ ಗೆರೆ ಎಳೆಯುವ ಗೋಜು ಬಹುಮಟ್ಟಿಗೆ ತಪ್ಪಿತು. ಸಾಲು ಹೇಗಿರಬೇಕೆಂಬ ಅಚ್ಚನ್ನು ಒಮ್ಮೆ ಬರೆದುಕೊಟ್ಟರೆ ಪಟ್ಟಿಯು ಅದರಂತೆ ಸಾಲುಗಳನ್ನು ಎರಕ ಹೊಯ್ದುಕೊಳ್ಳುತ್ತದೆ. 10,000 ಹೆಸರುಗಳಿದ್ದರೂ ಪರದೆಯ ಮೇಲೆ ಕಾಣುವ ಸಾಲುಗಳನ್ನಷ್ಟೇ ಅದು ಕಟ್ಟುತ್ತದೆ.

ವಿಧಾನ ಯಾವುದಾದರೂ ಆಗಲಿ, ಬಣ್ಣದ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ದೃಷ್ಟಿ ಮಂದವಾದವರು ಪರದೆಯ ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಸಿ ಅಕ್ಷರಗಳನ್ನು ಬೆಳ್ಳಗೆ ಮಾಡಿಕೊಳ್ಳುವ ಅನುಕೂಲ ವಿಂಡೋಸಿನಲ್ಲಿದೆ. ಬಳಸುವವರು ಆರಿಸಿಕೊಂಡ ಬಣ್ಣಗಳನ್ನು ವಿಚಾರಿಸದೆ ‘ಅಕ್ಷರ ಕಪ್ಪು’ ಎಂದು ಪ್ರೋಗ್ರಾಂನಲ್ಲಿ ಶಾಶ್ವತವಾಗಿ ಬರೆದರೆ, ಕಪ್ಪಿನ ಮೇಲೆ ಕಪ್ಪು ಬಿದ್ದು ಅವರ ಪಾಲಿಗೆ ಪಟ್ಟಿಯೇ ಮಾಯವಾಗುತ್ತದೆ. ಕೆಂಪು, ಹಸಿರುಗಳ ಭೇದ ಕಾಣದ ಕಣ್ಣುಗಳೂ ಇವೆ. ಅವಧಿ ಮೀರಿದ ಪುಸ್ತಕಕ್ಕೆ ಕೆಂಪು ಬಣ್ಣದ ಜೊತೆಗೆ ‘ಬಾಕಿ’ ಎಂಬ ಎರಡಕ್ಷರವನ್ನೂ ಸೇರಿಸಿದರೆ ಆ ತೊಡಕು ಉಳಿಯದು.

ಇನ್ನು, ಪರದೆಯನ್ನು ನೋಡಲಾರದೆ ಕೇಳುವವರ ಮಾತು. ಆಸ್ಟ್ರೇಲಿಯದ ಮೈಕೇಲ್ ಕರನ್ ಸ್ವತಃ ಅಂಧರು. ಪರದೆಯ ಬರಹವನ್ನು ದನಿಯಲ್ಲಿ ಓದಿಹೇಳುವ ‘ಎನ್‌ವಿಡಿಎ’ ಎಂಬ ಪ್ರೋಗ್ರಾಂ ಅನ್ನು ಅವರು 2006ರಲ್ಲಿ ಆರಂಭಿಸಿದರು. ಅದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದಬಲ್ಲದು. ಇಂತಹ ಓದುಗ ಪ್ರೋಗ್ರಾಂ ಸಾಮಾನ್ಯವಾಗಿ ಪರದೆಯ ಚುಕ್ಕಿಗಳನ್ನು ನೋಡಿ ಓದುವುದಿಲ್ಲ. ‘ಐದನೆಯ ಸಾಲಿನ ಹೆಸರೇನು?’ ಎಂದು ಪಟ್ಟಿಯನ್ನೇ ಕೇಳುತ್ತದೆ. ವಿಂಡೋಸ್ ಬರೆಯುವ ಸಾದಾ ಪಟ್ಟಿಯು ಥಟ್ಟನೆ ಉತ್ತರಿಸುತ್ತದೆ, ಏಕೆಂದರೆ ಹೆಸರುಗಳು ಅದರ ಬಳಿಯೇ ಇವೆ. ಒಡೆಯನೇ ಬರೆಯುವ ಪಟ್ಟಿಯಲ್ಲಾದರೋ, ಹೆಸರುಗಳನ್ನೆಲ್ಲ ಪ್ರೋಗ್ರಾಂ ತನ್ನಲ್ಲಿಯೇ ಇಟ್ಟುಕೊಂಡು ಪಟ್ಟಿಗೆ ಬರಿಯ ಒಂದೊಂದು ಅಂಕಿಯನ್ನು ಕೊಟ್ಟಿರಬಹುದು. ಆಗ ಕಣ್ಣಿಗೆ ಬಣ್ಣಬಣ್ಣವಾಗಿ ಕಾಣುವ ಆ ಪಟ್ಟಿ ಕಿವಿಗೆ ಮೂಕವಾಗಿರುತ್ತದೆ. ಬಾಣದ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಯಾವ ಪುಸ್ತಕದ ಹೆಸರೂ ಕೇಳಿಸುವುದಿಲ್ಲ. ಪಟ್ಟಿಯನ್ನು ಸೃಷ್ಟಿಸುವ ಆಜ್ಞೆಯಲ್ಲಿ ‘ಹ್ಯಾಸ್ ಸ್ಟ್ರಿಂಗ್ಸ್’, ಎಂದರೆ ಹೆಸರುಗಳು ಪಟ್ಟಿಯಲ್ಲಿಯೇ ಇರಲಿ, ಎಂಬ ಒಂದು ಗುಣವನ್ನು ಸೇರಿಸಿ ಹೆಸರುಗಳನ್ನು ಅದಕ್ಕೆ ಒಪ್ಪಿಸಿದರೆ, ಬಣ್ಣ, ಚಿತ್ರ, ಗುರುತುಗಳು ಇದ್ದಂತೆಯೇ ಇದ್ದು, ಓದುಗ ಪ್ರೋಗ್ರಾಂ ಕೇಳಿದಾಗ ಐದನೆಯ ಸಾಲು ತನ್ನ ಹೆಸರನ್ನು ಹೇಳುತ್ತದೆ.